ಇಂಗ್ಲೆಂಡಿನ ಲೆಸ್ಟರಿಗೆ ಮಕ್ಕಳನ್ನ ಕರ್ಕೊಂಡು ಬರೋದಾ ಅಂತ ಕೇಳಿದ್ರಲ್ಲ ಅಕ್ಕ

ಅಲ್ಲೆಲ್ಲಾ ಬರೀ ಧರ್ಮದ ಗಲಾಟೆ ಅಂತೆ, ಮಕ್ಕಳು ಕೆಟ್ಟುಹೋದ್ರೆ ಏನ್ ಗತಿ ಅಂದ್ರಿ. ಭಯ ಸುಳ್ಳಲ್ಲ ಅಕ್ಕ, 2017ರಲ್ಲಿ ಮ್ಯಾಂಚೆಸ್ಟರಲ್ಲಿ ಹಾಡಿನ ಕಾರ್ಯಕ್ರಮ ಮುಗಿಯೋ ಹೊತ್ತಲ್ಲಿ ಬಾಂಬ್ ಸಿಡಿಸಿ 22 ಜನರನ್ನ ಕೊಂದಾಗ ಸತ್ತೋರಲ್ಲಿ ಮಕ್ಕಳೂ ಇದ್ರು, ಅದನ್ನ ಯಾರೂ ತೇಲಿಸಿ ಮಾತಾಡಬಾರ್ದು.

ಆದ್ರೆ ನಂಗೆ ನಿಜವಾಗ್ಲೂ ನಡುಕ ಬಂದಿದ್ದು 2022ರಲ್ಲಿ, ನಮ್ಮೂರಲ್ಲೇ. ಆಗಸ್ಟ್ 28ಕ್ಕೆ ದುಬೈಲಿ ಇಂಡಿಯಾ ಪಾಕಿಸ್ತಾನ ಮ್ಯಾಚು, ಆಮೇಲೆ ಇಲ್ಲಿ ಶುರುವಾದ ಹಿಂದೂ-ಮುಸ್ಲಿಂ ಜಗಳ ವಾರಗಟ್ಲೆ ಆರ್ಲಿಲ್ಲ. ಸೆಪ್ಟೆಂಬರ್ 17ಕ್ಕೆ ನಮ್ಮ ಹಿಂದೂ ಹುಡುಗ್ರು ಮುಖ ಮುಚ್ಕೊಂಡು ಮುಸ್ಲಿಮರು ಹೆಚ್ಚಿರೋ ಗ್ರೀನ್ ಲೇನ್ ರೋಡಲ್ಲಿ ಘೋಷಣೆ ಕೂಗ್ತಾ ಹೋದ್ರು, ಆ ಕಡೆಯೋರು ದೇವಸ್ಥಾನದ ಹೊರಗಿನ ಬಾವುಟ ಕಿತ್ರು. ಹುಡುಗಿನ ಕಿಡ್ನ್ಯಾಪ್ ಮಾಡೋಕೆ ನೋಡಿದ್ರು ಅಂತ ಒಂದು ಮೆಸೇಜು ಊರೆಲ್ಲಾ ಓಡಾಡ್ತು, ಅದು ಸುಳ್ಳು ಅಂತ ಪೊಲೀಸರೇ ಹೇಳಿದ್ರು, ಅಷ್ಟೊತ್ತಿಗೆ ಎಲ್ರ ತಲೆ ಕೆಟ್ಟಿತ್ತು. ಅವತ್ತು ರಾತ್ರಿ ನನ್ನ ಒಂಬತ್ತು ವರ್ಷದ ಮಗ ಕಿಟಕಿ ಹತ್ರ ನಿಂತು, ಅಪ್ಪಾ ಇದ್ರಲ್ಲಿ ನಮ್ಮೋರು ಯಾರು ಅಂದ. ನನ್ನ ಫೋನಲ್ಲಿ ಆಗ ಆ ಗಲಾಟೇದೇ ಒಂದು ವಿಡಿಯೋ ಇತ್ತು, ಮೂರು ಗ್ರೂಪಿಗೆ ಕಳ್ಸೋಕೆ ಹೊರಟಿದ್ದೆ. ಅವನ ಪ್ರಶ್ನೆಗೆ ಉತ್ತರ ಹೊಳೀಲಿಲ್ಲ, ಫೋನ್ ಮಗುಚಿಟ್ಟೆ.

ಅವನ ಜೀವದ ಗೆಳೆಯ ಗುಜರಾತಿ ಮುಸ್ಲಿಂ ಹುಡುಗ, ನಮ್ಮನೆ ಚಿತ್ರಾನ್ನದಲ್ಲಿ ಕಡ್ಲೆಬೀಜ ಮಾತ್ರ ಆರ್ಸಿ ತಿನ್ನೋನು. ಸೋಮವಾರ ಸ್ಕೂಲ್ ಗೇಟಲ್ಲಿ ಅವನಮ್ಮ ನಾನು ಒಬ್ರ ಮುಖ ಒಬ್ರು ನೋಡೋಕೂ ಹಿಂಜರಿದ್ವಿ, ಹುಡುಗ್ರು ಮಾತ್ರ ಬ್ಯಾಗ್ ಎಳ್ಕೊಂಡು ಒಳಗೆ ಓಡಿದ್ರು.

ಮಕ್ಕಳು ಕೆಡದ ಹಾಗೆ ನೋಡ್ಕೊಳ್ಳೋದನ್ನ ಸ್ಕೂಲಿಗೇ ಬಿಡೋಣ ಅಂತೀರಾ? ಇಲ್ಲಿನ 2015ರ ಭಯೋತ್ಪಾದನೆ ತಡೆ ಕಾನೂನಿನ ಪ್ರಕಾರ ಮಗು ತೀವ್ರವಾದದ ಕಡೆ ವಾಲ್ತಿದೆ ಅನ್ನಿಸಿದ್ರೆ ಟೀಚರ್ ಸುಮ್ನಿರೋ ಹಾಗಿಲ್ಲ. ಇರ್ಲಿ, ಬೇಕು. ಆದ್ರೆ ಊಟದ ಹೊತ್ತಲ್ಲಿ ನಾವು ಸ್ಪೀಕರಲ್ಲಿ ಹಾಕೋ ವಿಡಿಯೋ ಟೀಚರಿಗೆ ಹೇಗೆ ಗೊತ್ತಾಗ್ಬೇಕು?

2024ರಲ್ಲಿ ಸೌತ್‌ಪೋರ್ಟಲ್ಲಿ ಮೂರು ಪುಟ್ಟ ಹುಡುಗೀರ ಕೊಲೆ ಆದಾಗ, ಕೊಂದೋನು ದೋಣೀಲಿ ಬಂದ ವಲಸಿಗ ಅಂತ ಸುಳ್ಳು ಹಬ್ಬಿಸಿ ಮಸೀದಿ, ವಲಸಿಗರನ್ನ ಇರಿಸಿದ್ದ ಹೋಟೆಲ್ ಮೇಲೆಲ್ಲಾ ನುಗ್ಗಿದ್ರು, ಅವನು ಹುಟ್ಟಿದ್ದು ಕಾರ್ಡಿಫಲ್ಲಿ. ಆ ವಾರ ನನ್ನ ಹೆಂಡ್ತಿ ಬಸ್ ಹತ್ಲಿಲ್ಲ, ಅವಳ ಹಣೇಲಿ ಕುಂಕುಮ ಇದ್ಯಾ ಇಲ್ವಾ ಅಂತ ಆ ಗುಂಪು ನೋಡ್ತಿತ್ತಾ? ಅವತ್ತು ಮೊದ್ಲು ಫೋನ್ ಮಾಡಿ ಹುಷಾರಾಗಿದೀರಾ ಅಂತ ಕೇಳಿದ್ದು ಮಗನ ಆ ಗೆಳೆಯನ ತಾಯಿನೇ.

ಬನ್ನಿ ಅಕ್ಕ. ಮನೆ ಹುಡ್ಕೋವಾಗ ಹೇಳಿ, ನಮ್ಮ ಏರಿಯಾ ಸ್ಕೂಲ್ ತೋರಿಸ್ತೀನಿ.