ಪದಚರ್ಚೆ: ಜಾಗ ಹೋದ ಹೋಟೆಲಿಗೆ ಬರುವ ಹಣ ‘ಪರಿಹಾರ’ವೇ?

ಬಳಗದವರಿಗೆ ಮುಂಬಯಿಯ ಮಾಟುಂಗಾದಿಂದ ನಮಸ್ಕಾರ.

ಇಲ್ಲಿ ನನ್ನ ಪರಿಚಯದ ಹೋಟೆಲಿನವರೊಬ್ಬರ ಜಾಗ ರಸ್ತೆ ಅಗಲಿಸುವ ಕೆಲಸಕ್ಕೆ ಹೋಗಿದೆ. ಅದರಲ್ಲಿ ಊರಿನಲ್ಲಿರುವ ಅವರ ಅಕ್ಕನಿಗೂ ಪಾಲಿದೆ. ಮರಾಠಿ ಆದೇಶದ ಸಾರಾಂಶವನ್ನು ಕನ್ನಡದಲ್ಲಿ ಬರೆದು ಅಕ್ಕನಿಗೆ ಕಳುಹಿಸುವ ಕೆಲಸ ನನ್ನ ತಲೆಗೆ ಬಂತು. ‘ಪರಿಹಾರ ಮಂಜೂರಾಗಿದೆ’ ಎಂದು ಬರೆದೆ. ಅವರು ಗಾಬರಿಯಿಂದ ಫೋನ್ ಮಾಡಿದರು: ‘ಏನಾಯಿತು ಮಾರಾಯರೇ, ಹೋಟೆಲಿಗೆ ಬೆಂಕಿ ಬಿತ್ತೇ, ಮಳೆನೀರು ನುಗ್ಗಿತೇ?’

ಅವರ ತಪ್ಪೇನೂ ಇಲ್ಲ. ನೆರೆ ಪರಿಹಾರ, ಬರ ಪರಿಹಾರ, ಸರ್ಪದೋಷ ಪರಿಹಾರ ಎಂದು ಕೇಳಿ ಬೆಳೆದ ಕಿವಿಗೆ ‘ಪರಿಹಾರ’ವೆಂದರೆ ಯಾವುದೋ ಕೇಡು, ಆಮೇಲೆ ಯಾರದೋ ಕೃಪೆ. ಇಲ್ಲಿ ಕಿತ್ತುಕೊಂಡವರೇ ಕೊಡುವವರು. ಇನ್ನೊಂದು ತಮಾಷೆಯಿದೆ. ನಮ್ಮ ಹಳೆಯ ಶಾಸನಗಳಲ್ಲಿ ‘ಸರ್ವಬಾಧಾ ಪರಿಹಾರ’ ಎಂದು ಬರುತ್ತದಲ್ಲ, ಅದು ಎಲ್ಲ ತೆರಿಗೆಗಳಿಂದ ಬಿಡುಗಡೆ ಮಾಡಿ ಭೂಮಿಯನ್ನು ದಾನ ಕೊಡುವಾಗಿನ ಮಾತು. ಭೂಮಿ ಕೊಡುವಾಗ ಜೊತೆಗಿದ್ದ ಪದ ಈಗ ಭೂಮಿ ಕೀಳುವಾಗ ಜೊತೆಗೆ ಬರುತ್ತಿದೆ.

ಮರಾಠಿ ಆದೇಶದಲ್ಲಿರುವುದು ‘ಭೂಸಂಪಾದನ’. ದುಡಿದು ಗಳಿಸುವುದನ್ನು ಸಂಪಾದನೆ ಎನ್ನುವ ನಮಗೆ ಅದು ನಗು ತರಿಸುತ್ತದೆ. ನಮ್ಮ ‘ಭೂಸ್ವಾಧೀನ’ವೇ ಪ್ರಾಮಾಣಿಕ. ಆದರೆ ಹಣದ ವಿಷಯಕ್ಕೆ ಬಂದರೆ ಮರಾಠಿಯೇ ನೇರ. ಅವರು ‘ಮೋಬದಲಾ’ ಎನ್ನುತ್ತಾರೆ. ಅದರೊಳಗೆ ನಮ್ಮ ‘ಬದಲು’ ಕುಳಿತಿದೆ, ಎರಡೂ ಅರಬ್ಬೀ ಮೂಲದವು. ತೆಗೆದುಕೊಂಡದ್ದಕ್ಕೆ ಬದಲು, ಅಷ್ಟೇ.

ಪದ ಯಾವುದಾದರೇನು ಎನ್ನುವವರಿಗೆ ಒಂದು ಮಾತು. ಆಸ್ತಿ ಹಕ್ಕಿಗೆ ಸಂಬಂಧಿಸಿದ ಸಂವಿಧಾನದ 31ನೇ ವಿಧಿಯಲ್ಲಿದ್ದ ‘ಕಾಂಪೆನ್ಸೇಷನ್’ ಎಂದರೆ ಕಳೆದುಕೊಂಡದ್ದಕ್ಕೆ ಸರಿಸಮನಾದದ್ದು ಎಂದು ಸುಪ್ರೀಂ ಕೋರ್ಟು 1953ರಲ್ಲಿ ಬೇಲಾ ಬ್ಯಾನರ್ಜಿ ಪ್ರಕರಣದಲ್ಲಿ ಹೇಳಿತು. ಆ ಪದ ಸರ್ಕಾರಕ್ಕೆ ಎಷ್ಟು ಭಾರವಾಯಿತೆಂದರೆ 1971ರಲ್ಲಿ 25ನೇ ತಿದ್ದುಪಡಿ ತಂದು ಅಲ್ಲಿ ಬರಿಯ ‘ಅಮೌಂಟ್’ ಎಂದು ಬರೆಯಲಾಯಿತು. ನಮ್ಮ ಎಡನೀರು ಮಠದ ಕೇಶವಾನಂದ ಭಾರತಿಯವರ ಮೊಕದ್ದಮೆಯಲ್ಲಿ, 1973ರಲ್ಲಿ, ಆ ಬದಲಾವಣೆಯನ್ನು ನ್ಯಾಯಾಲಯ ಉಳಿಸಿತು. ಕೊನೆಗೆ 1978ರ 44ನೇ ತಿದ್ದುಪಡಿ ಆ ವಿಧಿಯನ್ನೇ ತೆಗೆದುಹಾಕಿತು.

ಈಗಿನ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ನೆಲದ ಮಾರುಕಟ್ಟೆ ಬೆಲೆ ಒಂದೇ ಅಲ್ಲ, ವ್ಯಾಪಾರದ ಜಾಗ ಬದಲಿಸುವ ಖರ್ಚು, ಗಳಿಕೆಗೆ ಬಿದ್ದ ಪೆಟ್ಟು, ಸ್ವಾಧೀನದ ತನಕ ಇಳಿದ ಲಾಭ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮೇಲೆ ಅಷ್ಟೇ ಮೊತ್ತದ, ಅಂದರೆ ನೂರಕ್ಕೆ ನೂರು, ‘ಸೊಲೇಷಿಯಂ’. 1894ರ ಕಾಯ್ದೆಯಲ್ಲಿ ಇದು ಮೊದಲು 15, 1984ರಿಂದ 30 ಪ್ರತಿಶತ ಇತ್ತು. ಮರಾಠಿಯಲ್ಲಿ ಇದು ‘ದಿಲಾಸಾ ರಕ್ಕಮ್’. ನಾನು ‘ಸಾಂತ್ವನ ಧನ’ ಎಂದು ಬರೆದು ಹೊಡೆದುಹಾಕಿದೆ, ಯಾರೋ ತೀರಿಕೊಂಡ ಹಾಗಿತ್ತು. ಬಲವಂತವಾಗಿ ಬಿಡಿಸಿದ್ದಕ್ಕೆ ಕೊಡುವ ಹಣವಾದ್ದರಿಂದ ‘ಬಲವಂತದ ಬಾಬ್ತು’ ಎಂದರೆ ಹೇಗೆ?

ಮುಖ್ಯ ಪದಕ್ಕೆ ನನಗೆ ಹೊಳೆದವು ಇವು. ‘ಪ್ರತಿಫಲ’ ಒಪ್ಪಿ ಮಾರಿದವನಿಗೆ ಸಲ್ಲುವುದು, ಇಲ್ಲಿ ಒಪ್ಪಿಗೆ ಕೇಳಿದವರಾರು? ‘ನಷ್ಟಭರ್ತಿ’ ಪರವಾಗಿಲ್ಲ, ಆದರೆ ವಿಮೆಯ ಕಾಗದದ ವಾಸನೆ. ಪಕ್ಕದ ಮನೆಯ ತಮಿಳರನ್ನು ಕೇಳಿದಾಗ ‘ಇಳಪ್ಪೀಡು’ ಎಂದರು. ಇಳಪ್ಪು ಎಂದರೆ ನಷ್ಟ, ಈಡು ಎಂದರೆ ಸಮ. ಈ ಈಡು ನಮ್ಮದೂ ಹೌದು: ಈಡುಜೋಡು, ‘ಅವನಿಗೆ ಈಡು ಯಾರು’. ಹಾಗಾದರೆ ‘ನಷ್ಟದೀಡು’ ಎನ್ನಬಹುದೇ? ತೊಡಕೆಂದರೆ ಇಂದು ನಾವು ‘ಟೀಕೆಗೆ ಈಡಾದರು’ ಎನ್ನುತ್ತೇವೆ, ಕೋವಿಯ ಗುಂಡಿಗೂ ಈಡು ಎನ್ನುತ್ತೇವೆ. ‘ಹೋಟೆಲಿಗೆ ಈಡು ಸಿಕ್ಕಿದೆ’ ಎಂದು ಬರೆದರೆ ಅಕ್ಕನವರು ಮುಂದಿನ ಬಸ್ಸಿಗೇ ಹೊರಟು ಬಂದಾರು.

ಲಿಂಗನಮಕ್ಕಿ, ಆಲಮಟ್ಟಿಯ ಮುಳುಗಡೆ ಸೀಮೆಯವರು ಬಳಗದಲ್ಲಿದ್ದರೆ ಹೇಳಿ: ಕಚೇರಿಯ ಕಾಗದ ಬದಿಗಿರಲಿ, ಮನೆಯಲ್ಲಿ ಹಿರಿಯರು ಆ ಹಣವನ್ನು ಏನೆಂದು ಕರೆಯುತ್ತಿದ್ದರು?

ಹಾಗೆಯೇ, ಎಷ್ಟು ಹಣ ಕೊಡಬೇಕೆಂದು ಅಧಿಕಾರಿ ಕೊಡುವ ತೀರ್ಮಾನಕ್ಕೆ (ಇಂಗ್ಲಿಷಿನ ‘ಅವಾರ್ಡ್’) ಮರಾಠಿಯಲ್ಲಿರುವ ‘ನಿವಾಡಾ’ವನ್ನು ನಮ್ಮ ಕಚೇರಿಗಳ ರೂಢಿಯಂತೆ ‘ಐತೀರ್ಪು’ ಎಂದು ಬರೆದಿದ್ದೆ. ‘ಐದು ಜನ ಕುಳಿತು ತೀರ್ಪು ಕೊಟ್ಟರೇ?’ ಎಂಬ ಅಕ್ಕನವರ ಪ್ರಶ್ನೆಗೂ ಉತ್ತರ ಬಾಕಿಯಿದೆ.