ಹಳೆ ವಿಂಡೋಸನ್ನು ಹಾಗೇ ಎಸ್‌ಎಸ್‌ಡಿಗೆ ಸಾಗಿಸಿದವರು ಇದ್ದೀರಾ?

ಡೊಂಬಿವಲಿಯಿಂದ ಪ್ರಶ್ನೆ

ನಮ್ಮ ಹೋಟೆಲಿನ ಕೌಂಟರ್ ಕಂಪ್ಯೂಟರ್ ಬೆಳಿಗ್ಗೆ ಆನ್ ಮಾಡಿ ಬಿಲ್ಲಿಂಗ್ ಪರದೆ ಬರುವಷ್ಟರಲ್ಲಿ ಮೊದಲ ಗಿರಾಕಿಯ ಇಡ್ಲಿ ವಡೆ ಮುಗಿದಿರುತ್ತದೆ. ಇರುವುದು 1 ಟಿಬಿ ಹಾರ್ಡ್ ಡಿಸ್ಕ್, ತುಂಬಿರುವುದು 180 ಜಿಬಿ. ಲ್ಯಾಮಿಂಗ್ಟನ್ ರೋಡಿನಿಂದ 500 ಜಿಬಿಯ, ಸಾಟಾ ಕೇಬಲ್ಲಿಗೆ ಜೋಡಿಸುವ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್) ತಂದಿಟ್ಟಿದ್ದೇನೆ. ಎಲ್ಲ ಅಳಿಸಿ ಹೊಸದಾಗಿ ಹಾಕಿ ಅನ್ನುತ್ತಾರೆ. ಆದರೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟ ಹುಡುಗ ಈಗ ಸಿಗುವುದಿಲ್ಲ, ಇನ್‌ಸ್ಟಾಲ್ ಫೈಲೂ ಇಲ್ಲ. ಟ್ಯಾಲಿ ಇದೆ, ಸಂಘದ ಹಳೆ ನುಡಿ ಫೈಲುಗಳಿವೆ. ಇದ್ದ ವಿಂಡೋಸ್ 10ನ್ನೇ ಎತ್ತಿ ಇದರಲ್ಲಿ ಕೂರಿಸಬಹುದಾ?

ಮುಲುಂಡ್

ಆಗುತ್ತದೆ ಮಾರಾಯ್ರೆ, ಕ್ಲೋನ್ ಅನ್ನುವುದೇ ಅದಕ್ಕೆ. ಎಸ್‌ಎಸ್‌ಡಿ ಕಂಪನಿಯವರ ಸೈಟಿನಲ್ಲೇ ಉಚಿತ ಸಾಫ್ಟ್‌ವೇರ್ ಇರುತ್ತದೆ. ಅವರ ಡಿಸ್ಕ್ ಜೋಡಿಸಿದ್ದರೆ ಮಾತ್ರ ಓಡುತ್ತದೆ. ದೊಡ್ಡ ಡಿಸ್ಕಿನಿಂದ ಚಿಕ್ಕದಕ್ಕೂ ಅದು ಹೊಂದಿಸಿಕೊಳ್ಳುತ್ತದೆ, ತುಂಬಿದ್ದು ಹಿಡಿಸಿದರಾಯಿತು.

ಒಂದೇ ಮಾತು ನೆನಪಿಡಿ: ಕ್ಲೋನ್ ಮುಗಿದ ಮೇಲೆ ಮೊದಲ ಸಲ ಆನ್ ಮಾಡುವಾಗ ಹಳೆ ಡಿಸ್ಕಿನ ಕೇಬಲ್ ಕಿತ್ತಿರಲಿ. ಎರಡರದ್ದೂ ಗುರುತಿನ ಸಂಖ್ಯೆ ಒಂದೇ ಆಗಿರುತ್ತದೆ. ಎರಡೂ ಇದ್ದರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿ ಕೂರುತ್ತದೆ, ಇಲ್ಲವೇ ಹಳೆಯದರಿಂದಲೇ ಎದ್ದು ಬಂದು, ನೀವು "ಎಸ್‌ಎಸ್‌ಡಿ ಹಾಕಿದರೂ ಸ್ಪೀಡ್ ಇಲ್ಲ" ಅಂತ ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗುತ್ತೀರಿ.

ಪಿಂಪ್ರಿ, ಪುಣೆ

ಸರ, ಕ್ಲೋನ್ ಮಾತು ಆಮ್ಯಾಲ. ಮೊದಲ ಹಳೆ ಡಿಸ್ಕಿನ ಆರೋಗ್ಯ ನೋಡ್ರಿ. ಅದು ನಿಧಾನ ಆಗಿದ್ದು ವಯಸ್ಸಿಗೋ, ಸಾಯಾಕತ್ತೈತೋ ಅನ್ನೂದು ತಿಳೀಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಪುಕ್ಕಟೆ ಸಾಫ್ಟ್‌ವೇರ್ ಐತಿ. ನೀಲಿ ಬಣ್ಣದಾಗ 'ಗುಡ್' ಅಂದ್ರ ಮುಲುಂಡಿನವ್ರು ಹೇಳಿದಂಗ ಮಾಡ್ರಿ. ಹಳದಿ ಬಂದ್ರ ಸಿ5 ಅನ್ನೂ ಸಾಲು ನೋಡ್ರಿ. ಅಲ್ಲಿ ಸೊನ್ನೆ ಬಿಟ್ಟು ಬ್ಯಾರೆ ಅಂಕಿ ಇದ್ರ, ಓದಾಕ ಬರಲಾರದ ಸೆಕ್ಟರ್ (ಡಿಸ್ಕಿನ ಸಣ್ಣ ತುಣುಕು) ಅದಾವ ಅಂತ ಅರ್ಥ.

ಡೊಂಬಿವಲಿ

ನೋಡಿದೆ. ಹಳದಿ. ಸಿ5 ಎದುರು ಸೊನ್ನೆಗಳ ಸಾಲು, ಕೊನೆಯಲ್ಲಿ 8.

ಪಿಂಪ್ರಿ

ಹಂಗಾರ ಇವತ್ತ ಕ್ಲೋನ್ ಬಿಡ್ರಿ. ಬಿಲ್ಲಿಂಗ್ ಫೋಲ್ಡರ್, ಟ್ಯಾಲಿ ಬ್ಯಾಕಪ್, ನುಡಿ ಫೈಲು, ಇಷ್ಟು ಮೊದಲ ಬ್ಯಾರೆ ಡಿಸ್ಕಿಗೆ ಕಾಪಿ ಮಾಡ್ರಿ. ಚೆಕ್‌ಡಿಸ್ಕ್ ಅನ್ನೂ ವಿಂಡೋಸಿನ ಡಿಸ್ಕ್ ತಪಾಸಣೆ ಆಜ್ಞೆಗೆ 'ಆರ್' ಹಚ್ಚಿ ಓಡಸ್ರಿ ಅಂತ ಯಾರರ ಹೇಳ್ತಾರ, ಬ್ಯಾಡ್ರಿ. ಇಡೀ ಡಿಸ್ಕ್ ಮ್ಯಾಲಿಂದ ಕೆಳಗ ಓದಸ್ತೈತಿ ಅದು. ಏದುಸಿರು ಬಿಡೂ ಮುದುಕನ್ನ ಸಿಂಹಗಡ ಹತ್ತಿಸಿದಂಗ.

ಆಮ್ಯಾಲ ಕ್ಲೋನ್‌ಜಿಲ್ಲಾ ಅನ್ನೂ ಪುಕ್ಕಟೆ ಕ್ಲೋನ್ ಸಾಫ್ಟ್‌ವೇರ್. ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಎಕ್ಸ್‌ಪರ್ಟ್ ಮೋಡಿನಾಗ 'ರೆಸ್ಕ್ಯೂ' ಆಯ್ಕೆ ಹಚ್ಚಿದ್ರ, ಕೆಟ್ಟ ಸೆಕ್ಟರ್ ಬಂದಲ್ಲಿ ನಿಲ್ಲೂದಿಲ್ಲ, ದಾಟಿ ಮುಂದ ಹೋಗ್ತೈತಿ. ಕಂಪನಿ ಸಾಫ್ಟ್‌ವೇರ್ ಬಾಳ ಸಲ ಅಲ್ಲೇ ಎರರ್ ಕೊಟ್ಟು ಕೈ ಎತ್ತತಾವ.

ಆದ್ರ ಕ್ಲೋನ್‌ಜಿಲ್ಲಾ 1 ಟಿಬಿಯಿಂದ 500ಕ್ಕ ಸುಮ್ನ ಇಳಿಸೂದಿಲ್ಲ. ಪಾರ್ಟಿಷನ್, ಅಂದ್ರ ಡಿಸ್ಕಿನ ವಿಭಾಗ, ಮೊದಲ ಕುಗ್ಗಿಸಬೇಕು, ಸಾಯೂ ಡಿಸ್ಕಿನ ಮ್ಯಾಲ ಆ ಕೆಲಸ ನನಗ ಮನಸ್ಸಿಲ್ಲ. ಸೀಲ್ ಒಡೆದಿಲ್ಲಂದ್ರ ಅಂಗಡಿಗೆ ಹೋಗಿ 1 ಟಿಬಿಗೆ ಬದಲಿಸಿಕೊಳ್ರಿ. 960 ಜಿಬಿದು ತರಬ್ಯಾಡ್ರಿ, 'ಅದೂ ಒಂದ ಟಿಬಿನ ಸೇಠ್' ಅಂತಾರ, ಕ್ಲೋನಿಗೆ ಸಣ್ಣದಾಗ್ತೈತಿ. ಹೊಸಾದರಾಗ ಎದ್ದ ಮ್ಯಾಲ ಫೈಲ್ ವ್ಯವಸ್ಥೆಯ ತಪ್ಪು ತಿದ್ದಾಕ ಚೆಕ್‌ಡಿಸ್ಕ್ 'ಎಫ್' ಒಮ್ಮೆ, ವಿಂಡೋಸಿನ ಫೈಲು ಕೆಟ್ಟಾವೇನು ನೋಡಾಕ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಒಮ್ಮೆ ಓಡಸ್ರಿ.

ಮಾಟುಂಗ

ಎಲ್ಲ ಸರಿ, ಆದರೆ ಇದು ತಾತ್ಕಾಲಿಕ ವ್ಯವಸ್ಥೆ ಅನ್ನುವುದು ತಲೆಯಲ್ಲಿರಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 14 ಅಕ್ಟೋಬರ್ 2025ಕ್ಕೆ ನಿಂತಿತು. ನಾಳೆ ವಿಂಡೋಸ್ 11ಕ್ಕೆ ಹೋಗಬೇಕೆಂದರೆ ಯುಇಎಫ್‌ಐ (ಹೊಸ ಮಾದರಿಯ ಬಯಾಸ್), ಟಿಪಿಎಂ 2.0 (ಭದ್ರತೆಯ ಚಿಪ್) ಬೇಕು, ನಿಮ್ಮ ಯಂತ್ರದಲ್ಲಿ ಇದೆಯಾ ನೋಡಿ. ಡಿಸ್ಕಿನ ವಿಭಾಗಗಳ ಪಟ್ಟಿ ಹಳೆ ಎಂಬಿಆರ್ ಮಾದರಿಯದಾಗಿದ್ದರೆ ಅದನ್ನು ಹೊಸ ಜಿಪಿಟಿ ಮಾದರಿಗೆ ತಿರುಗಿಸಲು ವಿಂಡೋಸ್‌ನಲ್ಲೇ ಎಂಬಿಆರ್‌ಟುಜಿಪಿಟಿ ಎಂಬ ಆಜ್ಞೆ ಇದೆ, ಅಳಿಸಬೇಕಾಗಿಲ್ಲ. ಆದರೆ ಕ್ಲೋನಿನ ದಿನವೇ ಅದಕ್ಕೆ ಕೈ ಹಾಕಬೇಡಿ. ಎರಡು ಕೆಲಸ ಒಟ್ಟಿಗೆ ಮಾಡಿದರೆ ಕೆಟ್ಟದ್ದು ಯಾವುದರಿಂದ ಅಂತಲೇ ಗೊತ್ತಾಗುವುದಿಲ್ಲ.

ಬಿಲ್ಲಿಂಗಿಗೆ ಬೇರೆ ಸಾಫ್ಟ್‌ವೇರ್ ಹುಡುಕಲು ಈಗಿಂದಲೇ ಶುರು ಮಾಡಿ. ಬರೆದವನೇ ಸಿಗದ ಸಾಫ್ಟ್‌ವೇರಿನ ಮೇಲೆ ಗಲ್ಲಾಪೆಟ್ಟಿಗೆ ನಡೆಸುವುದು ನನಗಂತೂ ಆಗದ ಮಾತು.

ಟ್ಯಾಲಿ ಲೈಸೆನ್ಸ್ ಕ್ಲೋನಿಗೆ ಮೊದಲೇ ಸರೆಂಡರ್ ಮಾಡಿ (ಈ ಯಂತ್ರದಿಂದ ಬಿಡಿಸಿ), ಆಮೇಲೆ ಮತ್ತೆ ಆ್ಯಕ್ಟಿವೇಟ್ ಮಾಡಿಕೊಳ್ಳಿ. ವಿಂಡೋಸ್ ಆ್ಯಕ್ಟಿವೇಷನ್‌ಗೆ ಮದರ್‌ಬೋರ್ಡ್ ಮುಖ್ಯ. ಬರೀ ಡಿಸ್ಕ್ ಬದಲಾದರೆ ಸಾಮಾನ್ಯವಾಗಿ ತೊಂದರೆ ಇಲ್ಲ.

ವಾಸ್ಕೋ, ಗೋವಾ

ಲ್ಯಾಪ್‌ಟಾಪಿನವರು ಯಾರಾದರೂ ಇದನ್ನು ಓದುತ್ತಿದ್ದರೆ: ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಆನ್ ಇದೆಯಾ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಂಡೇ ಮುಂದುವರಿಯಿರಿ. ಲಿನಕ್ಸ್ ಇರುವವರಿಗೆ: ಡಿಡಿ ಆಜ್ಞೆಯಿಂದ ಕಾಪಿ ಮಾಡಿದರೆ ಯುಯುಐಡಿ (ಗುರುತಿನ ಸಂಖ್ಯೆ) ಕೂಡ ಅದೇ ಬರುತ್ತದೆ, ಆದ್ದರಿಂದ ಕೇಬಲ್ ಕೀಳುವ ಮಾತು ನಿಮಗೂ ಅನ್ವಯ.

ಡೊಂಬಿವಲಿಯವರಿಗೆ ಎರಡೇ ವಿಷಯ. ಮೊದಲನೆಯದು ಕರೆಂಟ್. ಇಲ್ಲಿ ಮಳೆಗಾಲದಲ್ಲಿ ಹೇಳದೆ ಕೇಳದೆ ಹೋಗುತ್ತದೆ, ಹಾಗಾಗಿ ಯುಪಿಎಸ್ ಇಲ್ಲದೆ ನಾನು ಡೆಸ್ಕ್‌ಟಾಪ್ ಕ್ಲೋನಿಗೆ ಕೂರುವುದೇ ಇಲ್ಲ. ಎರಡನೆಯದು ಬಯಾಸ್, ಅಂದರೆ ವಿಂಡೋಸ್ ಏಳುವ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್. ಹಳೆ ಮದರ್‌ಬೋರ್ಡಿನಲ್ಲಿ ಸಾಟಾ ಹಳೆ ಐಡಿಇ ಮೋಡಿನಲ್ಲಿದ್ದರೆ ಎಸ್‌ಎಸ್‌ಡಿಗೆ ಹೊಂದುವ ಎಎಚ್‌ಸಿಐ ಮೋಡಿಗೆ ಬದಲಿಸಬೇಕು. ನೇರವಾಗಿ ಬದಲಿಸಿದರೆ ನೀಲಿ ಪರದೆ ಬರಬಹುದು. ಮೊದಲು ವಿಂಡೋಸಿನ ಎಂಎಸ್‌ಕಾನ್ಫಿಗ್ ಎಂಬ ಸೆಟ್ಟಿಂಗ್ ಕಿಟಕಿಯಲ್ಲಿ ಸೇಫ್ ಬೂಟ್ ಗುರುತು ಹಾಕಿ, ರೀಸ್ಟಾರ್ಟ್ ಆಗುವಾಗ ಬಯಾಸ್ ಬದಲಿಸಿ, ಸೇಫ್ ಮೋಡಿನಲ್ಲಿ ಒಮ್ಮೆ ಎದ್ದ ಮೇಲೆ ಗುರುತು ತೆಗೆಯಿರಿ. ಡ್ರೈವರ್ ತಾನಾಗಿ ಕೂರುತ್ತದೆ.

ಡೊಂಬಿವಲಿ

ಸೀಲ್ ಒಡೆದಿಲ್ಲ. ಫೈಲ್ ಕಾಪಿ ಆಗುತ್ತಿದೆ, ಅದು ಮುಗಿದ ಮೇಲೆ ಡಿಸ್ಕ್ ಬದಲಿಸಲು ಗ್ರಾಂಟ್ ರೋಡಿಗೆ ಹೊರಡುತ್ತೇನೆ. ಪಿಂಪ್ರಿಯವರೇ, ಹಳೆ ಡಿಸ್ಕ್ ಅಂಗಡಿಯವನಿಗೆ ಕೊಟ್ಟರೆ ಹೊಸದರ ಬೆಲೆಯಲ್ಲಿ ಏನಾದರೂ ಕಳೆಯುತ್ತಾನಾ?

ಪಿಂಪ್ರಿ

ಕೊಡಬ್ಯಾಡ್ರಿ. ಈ ವರ್ಷದ ಜಿಎಸ್‌ಟಿ ಲೆಕ್ಕ ಮುಗಿಯೂತನಕ ಕಪಾಟಿನ್ಯಾಗ ಇರಲಿ.