ಅಪ್‌ಡೇಟ್: ‘ಹಿಸ್ಟೆರಾಂಥಸ್’ ಪದದ ಗಂಟು ಬಿಚ್ಚಿತು

ಪುಣೆಯ ಟೇಕಡಿಯಲ್ಲಿ (ಗುಡ್ಡದಲ್ಲಿ) ಎಲೆಯಿಲ್ಲದೆ ಕೆಂಪಗೆ ಹೂಬಿಟ್ಟ ಮುತ್ತುಗ (ಇಲ್ಲಿಯವರ ಪಳಸ) ನೋಡಿ ಬಂದು, ಸಸ್ಯಶಾಸ್ತ್ರದ ಪುಸ್ತಕದಲ್ಲಿ ಅದಕ್ಕಿದ್ದ ‘ಹಿಸ್ಟೆರಾಂಥಸ್’ ಎಂಬ ವಿಶೇಷಣದ ಅರ್ಥ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಗ್ರೀಕಿನಲ್ಲಿ ‘ಹುಸ್ಟೆರೋಸ್’ ಅಂದರೆ ನಂತರದ, ‘ಆಂಥೋಸ್’ ಅಂದರೆ ಹೂವು. ‘ತಡವಾಗಿ ಹೂಬಿಡುವ’ ಎಂದು ಬಿಡಿಸಿಕೊಂಡು ನಾನು ಎಡವಿದ್ದು ಅಲ್ಲೇ. ಹಿಂದೆ ಬೀಳುವುದು ಹೂವಲ್ಲ, ಎಲೆ! ಹೂವಾದ ಮೇಲೆ ಚಿಗುರುವ ಗಿಡಕ್ಕೆ ಈ ಮಾತು. ಎರಡೂ ಜೊತೆಗೇ ಬಂದರೆ ‘ಸಿನಾಂಥಸ್’.

ಬೂರುಗವೂ ಮುತ್ತುಗದ ಹಾಗೆಯೇ. ಸಾರಿಗೆ ಹಾಕುವ ಸುವರ್ಣಗೆಡ್ಡೆಯೂ ಎಲೆಗಿಂತ ಮುಂಚೆ ಹೂವೆತ್ತುತ್ತದಂತೆ. ಅದು ತಿಳಿದು ನನಗೆ ನಿಜಕ್ಕೂ ಖುಷಿಯಾಯಿತು. ಕನ್ನಡದಲ್ಲಿ ‘ಹೂಮುಂಚಿನ’ (ಹೂ ಮೊದಲು, ಎಲೆ ಆಮೇಲೆ) ಅನ್ನಬಹುದೇನೋ. ಮುಂದಿನ ವಾರ ಅದೇ ಮುತ್ತುಗದ ಚಿಗುರು ನೋಡಲು ಹೋಗುತ್ತಿದ್ದೇನೆ.